ಒಂದು ಗೋಣಿ ಉಪ್ಪು

ಪದವಿನ ನೆತ್ತಿಯಲ್ಲಿ ಕಾರು ತೊಳೆಯುವ ಜಾಗ.
ಇಳಿಜಾರು ಮುಗಿಯುವಲ್ಲಿ ಸೆಲೆಸ್ತಿನ್ ಬಾಯಿಯ ಬಾವಿ.
ನಡುವೆ ಎರಡು ರಸ್ತೆ, ಒಂದು ಬಾಲವಾಡಿ,
ಗಾಜಿನ ಚೂರು ನೆಟ್ಟ ಪಾಗಾರ.

ದೀಪಾವಳಿ ಕಳೆದ ವಾರ ಅವರ ಕೊಡಪಾನದಲ್ಲಿ
ಕಾಮನಬಿಲ್ಲು ತೇಲಿತು,
ತೆಳ್ಳಗೆ, ಡೀಸೆಲ್ ವಾಸನೆಯದು.

"ನನ್ನ ಗುಂಡಿ ಎಲ್ಲಿ, ಅವರ ಬಾವಿ ಎಲ್ಲಿ ಮಾರಾಯ್ರೆ!"
ಜಯಶೀಲ ಆಳ್ವರು ಪಾಗಾರ ತೋರಿಸಿದರು.
ಪಾಗಾರದ ಬುನಾದಿ ಒಂದೂವರೆ ಅಡಿ.
ಅದರ ಕೆಳಗೆ ಯಾರ ಹೆಸರಿಗೂ ಖಾತೆ ಇಲ್ಲ.

ನಾನು ಕಾಲೇಜಿನ ಮಣ್ಣು ಪ್ರಯೋಗಶಾಲೆಯವಳು.
ಹಿತ್ತಾಳೆ ಬಳೆಯೊಳಗೆ ನೆಲದ ತುಂಡು ತುಂಬಿ
ಮೇಲೆ ಗಾಜಿನ ಕೊಳವೆ ನಿಲ್ಲಿಸಿ
ನೀರು ಇಳಿಯುವುದನ್ನು ಕಾಯುವುದು ನನ್ನ ಉದ್ಯೋಗ.
ಮುರಕಲ್ಲಿಗೆ ಹೊಯ್ದೆ:
ಚಹಾಕ್ಕೆ ಸಕ್ಕರೆ ಕಲಕುವಷ್ಟರಲ್ಲಿ ಕೊಳವೆ ಖಾಲಿ.
ಶೇಡಿಗೆ ಹೊಯ್ದೆ:
ಊಟ ಮುಗಿಸಿ ಬಂದೆ, ಹಾಗೇ ಇತ್ತು.
ಮರುದಿನವೂ.
ಭಾನುವಾರ ಕಳೆದು ಸೋಮವಾರ ನೋಡಿದರೆ
ಒಂದು ಕೂದಲೆಳೆ ಇಳಿದಿತ್ತು,
ಅದೂ ನನ್ನ ಕಣ್ಣಿನ ದೋಷವಿರಬಹುದು.

ಆದರೆ ಬಳೆಯೊಳಗಿನ ನೆಲ ನೆಲವಲ್ಲ.
ಈಸುಬು ಬ್ಯಾರಿ ನಕ್ಕರು.
ಐವತ್ತು ವರ್ಷ ಬಾವಿ ತೋಡಿದ ಬೆನ್ನು,
ನಿಂತರೂ ಬಗ್ಗಿದ ಹಾಗೆಯೇ.
"ಇಲ್ಲಿ ಐದು ಕೋಲು ಮುರ. ಅದಕ್ಕೆ ಮೈಯೆಲ್ಲ ಬಾಯಿ.
ಕೆಳಗೆ ಶೇಡಿ, ಅದು ಬಾಯಿ ಬಿಡುವುದಿಲ್ಲ.
ಅದರ ಬೆನ್ನ ಮೇಲೆ ನೀರು ಜಾರಿಕೊಂಡು ಹೋಗ್ತದೆ.
ಇನ್ನೂ ಕೆಳಗೆ ಪಾದೆ. ಬಿರುಕು ಸಿಕ್ಕಿದರೆ ಅದೃಷ್ಟ,
ಸಿಗದಿದ್ದರೆ ಕೂಲಿ ದಂಡ.
ಮೀಟರು ಚೀಲಕ್ಕೆ ಹಾಕಿ ಅಕ್ಕ.
ಒಂದು ಗೋಣಿ ಉಪ್ಪು ತರಿಸಿ."

ಸುರಿದೆವು. ಆಳ್ವರೇ ಗೋಣಿಯ ಒಂದು ತುದಿ ಹಿಡಿದರು,
ಏನೂ ಆಗುವುದಿಲ್ಲವೆಂಬ ಧೈರ್ಯದಲ್ಲಿ.

ದಿನಾ ಬೆಳಿಗ್ಗೆ, ಕಾಫಿಗೆ ಮೊದಲು,
ಸೆಲೆಸ್ತಿನ್ ಬಾಯಿ ಒಂದು ಚಮಚ ನೀರು ನಾಲಗೆಗಿಟ್ಟು
ನನಗೆ ಫೋನ್ ಮಾಡುತ್ತಿದ್ದರು.
ಇಲ್ಲ.
ಇಲ್ಲ.
ಇವತ್ತೂ ಇಲ್ಲ, ನಿಮ್ಮ ಮಗುವಿನ ಜ್ವರ ಹೇಗಿದೆ?
ಒಂಬತ್ತನೆಯ ದಿನ: ಸ್ವಲ್ಪ ಇದ್ದ ಹಾಗಿದೆ,
ಆದರೆ ರಾತ್ರಿ ಉಪ್ಪು ಮೀನು ತಿಂದಿದ್ದೆ, ಬರೆಯಬೇಡಿ.

ನಾನು ರಾತ್ರಿ ಕಣ್ಣು ಮುಚ್ಚಿದರೆ
ಉಪ್ಪು ನಡೆಯುತ್ತಿತ್ತು:
ಬಾಲವಾಡಿಯ ಜೋಕಾಲಿಯ ಕೆಳಗೆ,
ಮಕ್ಕಳ ಕಾಲಿನ ಸದ್ದಿನ ಕೆಳಗೆ,
ಕೆಂಪು ಕಲ್ಲಿನ ಗೂಡಿನಿಂದ ಗೂಡಿಗೆ
ಕೈಯಲ್ಲಿ ದೀಪವಿಲ್ಲದೆ, ದಾರಿ ಕೇಳದೆ,
ತಗ್ಗು ಎಲ್ಲಿದೆಯೆಂಬುದೊಂದನ್ನೇ ಬಲ್ಲದ್ದು.

ಹನ್ನೊಂದನೆಯ ಬೆಳಿಗ್ಗೆ ಐದೂವರೆಗೆ ಫೋನು.
"ಬಂತು," ಎಂದರು.
ಹೆರಿಗೆ ಮನೆಯಿಂದ ಸುದ್ದಿ ಕೊಡುವ ದನಿ.

ಇನ್ನೂರ ಹತ್ತು ಹೆಜ್ಜೆ, ಹನ್ನೊಂದು ದಿನ.
ದಿನಕ್ಕೆ ಹತ್ತೊಂಬತ್ತು ಹೆಜ್ಜೆ, ಚಿಲ್ಲರೆ.
ಪುಸ್ತಕದಲ್ಲಿ ಬರೆದುಕೊಂಡೆ.

ಬರೆಯಲಾಗದ್ದು ಇನ್ನೊಂದು ಉಳಿಯಿತು:
ಗುಂಡಿಗೆ ಮೂವತ್ತೇ ಹೆಜ್ಜೆ ದೂರದ ಬಾವಿಯಲ್ಲಿ
ಉಪ್ಪಿನ ಸುಳಿವಿಲ್ಲ.
ಅಲ್ಲೊಂದು ಶೇಡಿಯ ಮಡಿಕೆ, ಸೊಂಟದಷ್ಟು ದಪ್ಪ,
ಅಡ್ಡ ಮಲಗಿದೆ ಎಂದರು ಈಸುಬು.
ಹತ್ತಿರದವರಿಗೆ ತಟ್ಟದ್ದು ದೂರದವರ ನಾಲಗೆಗೆ.

ಸಂಜೆ ಆಳ್ವರು ಬಂದರು, ಚಪ್ಪಲಿ ಹೊರಗೆ ಬಿಟ್ಟು.
ತಾವೇ ಹಗ್ಗ ಎಳೆದರು, ಅಂಗೈಗೆ ಹೊಯ್ದು ಚೀಪಿದರು.
ಮಾತಿಲ್ಲ.
ಇನ್ನೊಮ್ಮೆ ಕೊಡಪಾನ ಇಳಿಸಿದರು,
ಇನ್ನೊಮ್ಮೆ ಚೀಪಿದರು.
ರಾಟೆ ಮಾತ್ರ ಕಿರುಗುಟ್ಟಿತು.

ಗುಂಡಿಗೆ ಈಗ ಸಿಮೆಂಟು ಬಿದ್ದಿದೆ.
ಉಪ್ಪು ಡಿಸೆಂಬರಿನಲ್ಲೇ ಬಾವಿ ಬಿಟ್ಟು ಕೆಳಕ್ಕೆ ಹೋಯಿತು,
ಫಲ್ಗುಣಿಯ ಕಡೆಗೆ, ತನ್ನ ಊರಿಗೆ.
ಎಣ್ಣೆ ಹಾಗಲ್ಲ, ಕಲ್ಲಿನ ಗೂಡುಗಳಲ್ಲಿ ಅಂಟಿ ಕೂತಿದೆ.
ಎಷ್ಟು ಮಳೆಗಾಲ ಬೇಕು ಎಂದು ಸೆಲೆಸ್ತಿನ್ ಬಾಯಿ ಕೇಳುತ್ತಾರೆ.
ನನ್ನ ಕೊಳವೆಯಲ್ಲಿ ಅದಕ್ಕೆ ಗೆರೆಯಿಲ್ಲ.

ಅವರು ಈಗಲೂ ಬೆಳಿಗ್ಗೆ ಒಂದು ಚಮಚ ನೀರು
ನಾಲಗೆಗಿಟ್ಟು ನಿಲ್ಲುತ್ತಾರಂತೆ,
ಪದವಿನ ಕಡೆಗೆ ಮುಖ ಮಾಡಿ.